ಪಕ್ಕದ ಕೋಣೆಯ ಗೆಳೆಯ

ನಮಗೇನು ಬೇಕೆಂಬುದು ನಮಗೇ ಚೆನ್ನಾಗಿ ಗೊತ್ತು ಎಂದು ಎಲ್ಲರೂ ನಂಬಿರುತ್ತೇವೆ. ಫ್ರೆಂಚ್ ಚಿಂತಕ ರೆನೆ ಗಿರಾರ್ 1961ರಲ್ಲಿ ಬಂದ ತನ್ನ ಮೊದಲ ಪುಸ್ತಕದಲ್ಲಿ ಈ ನಂಬಿಕೆಗೇ ಕೈಹಾಕಿದ. ಹಸಿವು ಹುಟ್ಟಿನಿಂದ ಬಂದದ್ದು, ಬಯಕೆ ಹಾಗಲ್ಲ, ಅದು ಇನ್ನೊಬ್ಬರನ್ನು ನೋಡಿ ಕಲಿತದ್ದು ಎಂಬುದು ಅವನ ವಾದ. ನಾವು ಯಾರನ್ನು ಮೆಚ್ಚುತ್ತೇವೋ ಅವರು ಆಸೆಪಟ್ಟದ್ದರ ಮೇಲೆ ನಮಗೂ ಆಸೆ. ಹೀಗೆ ಬಯಸುವವನಿಗೂ ಬಯಸಿದ್ದಕ್ಕೂ ನಡುವೆ ಒಬ್ಬ ಮಾದರಿ ಇದ್ದೇ ಇರುತ್ತಾನೆ.

ಮಾದರಿ ದೂರವಿದ್ದರೆ ತಂಟೆಯಿಲ್ಲ. ಡಾನ್ ಕ್ವಿಕ್ಸೋಟ್ ಅನುಕರಿಸುವುದು ಕಥೆಪುಸ್ತಕದ ವೀರ ಅಮಾಡಿಸನನ್ನು. ಅವರಿಬ್ಬರೂ ಜಗಳಾಡುವ ಪ್ರಮೇಯವೇ ಬರುವುದಿಲ್ಲ. ಮಾದರಿ ಪಕ್ಕದ ಕೋಣೆಯಲ್ಲೇ ಇದ್ದರೆ ಅವನೇ ಎದುರಾಳಿ.

ಗಿರಾರ್ ಆ ಪುಸ್ತಕದಲ್ಲಿ ಎತ್ತಿಕೊಂಡದ್ದು ಯುರೋಪಿನ ಕಾದಂಬರಿಗಳನ್ನು. ಈ ಮಾತಿಗೆ ನಾನು ಕೊಡುವ ಉದಾಹರಣೆ ಜಪಾನಿನದು: 1914ರಲ್ಲಿ ಅಸಾಹಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ನತ್ಸುಮೆ ಸೋಸೆಕಿಯ ‘ಕೊಕೊರೊ’. ಕಥಾನಾಯಕ ಸೆನ್ಸೆಯಿ ವಿದ್ಯಾರ್ಥಿಯಾಗಿದ್ದಾಗ ಟೋಕಿಯೋದಲ್ಲಿ ಸೈನಿಕನೊಬ್ಬನ ವಿಧವೆಯ ಮನೆಯಲ್ಲಿ ಬಾಡಿಗೆಗಿರುತ್ತಾನೆ. ಆಕೆಯ ಮಗಳ ಮೇಲೆ ಅವನಿಗೆ ಮನಸ್ಸು. ಆದರೆ ಚಿಕ್ಕಪ್ಪನಿಂದಲೇ ಆಸ್ತಿ ಕಳೆದುಕೊಂಡವನು; ತಾಯಿ ತನಗೆ ಬಲೆ ಬೀಸುತ್ತಿದ್ದಾಳೋ ಏನೋ ಎಂದು ಬಾಯಿಬಿಡುವುದಿಲ್ಲ. ಅಷ್ಟರಲ್ಲಿ ಕಷ್ಟಕ್ಕೆ ಸಿಕ್ಕಿದ ಬಾಲ್ಯದ ಗೆಳೆಯ ‘ಕೆ’ಯನ್ನು ಅದೇ ಮನೆಗೆ ಕರೆತರುತ್ತಾನೆ. ಮನೆಯಾಕೆ ಬೇಡವೆಂದರೂ ಕೇಳುವುದಿಲ್ಲ. ಕೆ ಬೌದ್ಧ ಪುರೋಹಿತರ ಮಗ, ಕಟ್ಟುನಿಟ್ಟಿನ ಸಾಧಕ, ಓದಿನಲ್ಲೂ ಛಲದಲ್ಲೂ ತನಗಿಂತ ಒಂದು ಕೈ ಮೇಲು ಎಂದೇ ಸೆನ್ಸೆಯಿಯ ಎಣಿಕೆ. ಅವನ ಮನಸ್ಸು ಸ್ವಲ್ಪ ಮೆತ್ತಗಾಗಲೆಂದು, ಅವನೊಡನೆ ಮಾತಾಡಿ ಎಂದು ತಾಯಿ ಮಗಳಿಗೆ ಹೇಳಿದವನೂ ಸೆನ್ಸೆಯಿಯೇ! ಒಂದು ದಿನ ಮನೆಗೆ ಬಂದಾಗ ಕೆಯ ಕೋಣೆಯಿಂದ ಹುಡುಗಿಯ ದನಿ ಕೇಳಿಸುತ್ತದೆ. ಅಲ್ಲಿಂದ ಹೊಟ್ಟೆಕಿಚ್ಚು ಶುರು.

ಕೆ ತನ್ನ ಪ್ರೀತಿಯನ್ನು ಗೆಳೆಯನ ಮುಂದೆ ತೋಡಿಕೊಂಡ ಮೇಲೆ, ಸೆನ್ಸೆಯಿ ಆತ್ಮೋನ್ನತಿಯ ಬಗ್ಗೆ ಕೆ ಹಿಂದೆ ಆಡಿದ್ದ ಮಾತನ್ನೇ ಅವನ ಮೇಲೆ ತಿರುಗಿಸುತ್ತಾನೆ. ಮುಂದೊಂದು ದಿನ ಹುಷಾರಿಲ್ಲವೆಂದು ನೆಪ ಹೇಳಿ ಮನೆಯಲ್ಲುಳಿದು, ಮಗಳನ್ನು ಕೊಡಿ ಎಂದು ತಾಯಿಯನ್ನು ಕೇಳಿಯೇಬಿಡುತ್ತಾನೆ. ಆಕೆ ಅಲ್ಲೇ ಒಪ್ಪುತ್ತಾಳೆ. ಕೆಲವೇ ದಿನಗಳಲ್ಲಿ ಕೆ ಆತ್ಮಹತ್ಯೆ ಮಾಡಿಕೊಳ್ಳುತ್ತಾನೆ. ಬಿಟ್ಟುಹೋದ ಪತ್ರದಲ್ಲಿ ಗೆಳೆಯನ ಮೇಲೆ ಒಂದು ದೂರೂ ಇಲ್ಲ.

ಕೆ ಬರುವ ಮೊದಲೇ ಪ್ರೀತಿ ಇತ್ತಲ್ಲ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬಯಕೆಯೆಲ್ಲ ಎರವಲು ಎಂಬಷ್ಟು ದೂರ ಗಿರಾರ್ ಜೊತೆ ಹೋಗಲು ನಾನೂ ತಯಾರಿಲ್ಲ. ಆದರೆ ಅಷ್ಟು ಕಾಲ ಬಾಯಿಗೆ ಬಾರದ ಮಾತು ಇನ್ನೊಬ್ಬ ಬಯಸಿದನೆಂದು ತಿಳಿದ ಮೇಲೆ ಹೊರಬಿತ್ತು ಎಂಬುದಂತೂ ದಿಟ. ತಾನು ಗೌರವಿಸುವವನೂ ಅವಳನ್ನು ಮೆಚ್ಚಲಿ ಎಂಬ ಒಳಾಸೆಯಿಂದಲೇ ಅವನನ್ನು ಕರೆತಂದನೇನೋ.

ಇನ್ನು ಆ ಹುಡುಗಿ. ಸೆನ್ಸೆಯಿಯ ಹೆಂಡತಿಯಾದ ಅವಳಿಗೆ ನಿಜ ತಿಳಿಯುವುದೇ ಇಲ್ಲ. ಕಥೆ ಹೇಳುವ ಯುವಕನಿಗೆ ಅವನು ಬರೆದ ಕೊನೆಯ ಪತ್ರ, ಅವಳಿಗೆ ತಿಳಿಸಬೇಡ ಎಂದೇ ಕೇಳಿಕೊಳ್ಳುತ್ತದೆ. ಗಿರಾರ್‌ನ ಲೆಕ್ಕದಲ್ಲೂ ಅವಳು ಬರೀ ‘ಬಯಸಿದ ವಸ್ತು’. ಅವಳಿಗೆ ಯಾರು ಬೇಕಾಗಿತ್ತು ಎಂದು ಕೇಳಲು ಆ ತ್ರಿಕೋನದಲ್ಲಿ ಜಾಗವಿಲ್ಲ. ಆ ಸಿದ್ಧಾಂತದ ದೊಡ್ಡ ಕೊರತೆ ಇದೇ.