ಸಾವಿನ ಮನೆಗೆ ಹೋಗದ ಸೇವಕ

ವಾಕ್ಯಕ್ಕೆ ಹೋಗೋ ಮುಂಚೆ ಇವತ್ತು ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು.

2018ರಲ್ಲಿ ಚಾಮರಾಜನಗರದ ಕಡೆ ಒಂದು ಹಳ್ಳಿಯಲ್ಲಿ ಮೂರು ದಿನದ ಸುವಾರ್ತಾ ಕೂಟ ಇತ್ತು. ಮೊದಲನೇ ರಾತ್ರಿ ಅಮ್ಮನ ಫೋನ್ ಬಂತು. ಮಾಗಡಿ ಹತ್ತಿರದ ನಮ್ಮೂರಲ್ಲಿ ಅಜ್ಜಿ ತೀರಿಕೊಂಡಿದ್ದರು. ಆಗಲೇ ಹೊರಟಿದ್ದರೆ ಬೆಳಗ್ಗೆ ಮಣ್ಣಿಗೆ ಮುಂಚೆ ತಲುಪಬಹುದಿತ್ತು. ನಾನು ಹೋಗಲಿಲ್ಲ. ಟೀಮಿನವರ ಮುಂದೆ ಲೂಕ 9ನೇ ಅಧ್ಯಾಯ ಹೇಳಿದೆ: ತಂದೆಯನ್ನು ಹೂಣಿಟ್ಟು ಬರ್ತೀನಿ ಅಂದವನಿಗೆ ಯೇಸು ಕೊಟ್ಟ ಉತ್ತರ. ಎಲ್ಲರೂ ಆಮೆನ್ ಅಂದರು. ನನಗೂ ಒಳಗೊಳಗೆ ಹೆಮ್ಮೆ.

ನಿಜ ಏನು ಗೊತ್ತಾ? ಎರಡನೇ ದಿನದ ಪೋಸ್ಟರ್‌ನಲ್ಲಿ ನನ್ನ ಫೋಟೋ ಇತ್ತು. ಪ್ರಸಂಗ ಮಾಡೋಕೆ ಇನ್ನೂ ಇಬ್ಬರು ಸಹೋದರರು ಇದ್ದರು. ನಾನಿಲ್ಲದಿದ್ದರೆ ಕೂಟ ನಿಲ್ಲುತ್ತಿರಲಿಲ್ಲ.

ಮೂರು ದಿನ ಆದಮೇಲೆ ಊರಿಗೆ ಹೋದೆ. ಅಮ್ಮ ಇನ್ನೂ ಕರ್ತನನ್ನು ತಿಳಿದವರಲ್ಲ. ಅವರು ಬೈಯಲಿಲ್ಲ. ಕಾಫಿ ಲೋಟ ಕೈಗೆ ಕೊಟ್ಟು, "ನಿಮ್ಮ ಸಭೇಲಿ ಯಾರಾದ್ರೂ ಹೋಗ್ಬಿಟ್ಟಿದ್ರೆ ನೀನು ಬರ್ತಿದ್ದೆ ಅಲ್ವಾ?" ಅಂದರು. ಬೈಬಲ್ ಕಾಲೇಜಿನಲ್ಲಿ ಕಲಿತ ಒಂದು ಉತ್ತರವೂ ಬಾಯಿಗೆ ಬರಲಿಲ್ಲ.

ಆಮೇಲೆ ಮಾರ್ಕ 7ನೇ ಅಧ್ಯಾಯ ನನ್ನನ್ನು ಹಿಡಿಯಿತು. ತಂದೆತಾಯಿಗೆ ಸಲ್ಲಬೇಕಾದದ್ದನ್ನು "ಕೊರ್ಬಾನ್", ಅಂದರೆ ದೇವರಿಗೆ ಮೀಸಲು, ಎಂದು ಹೇಳಿ ಕೈ ತೊಳೆದುಕೊಳ್ಳುವವರನ್ನು ಯೇಸು ಅಲ್ಲಿ ಗದರಿಸುತ್ತಾನೆ. ನನ್ನ ಮಿಷನ್ ಟ್ರಿಪ್ ನನ್ನ ಕೊರ್ಬಾನ್ ಆಗಿತ್ತು, ಪ್ರಿಯರೇ.

ಈಗ ಯೋಹಾನ 11 ತೆಗೆಯಿರಿ. ಲಾಜರನಿಗೆ ಕಾಯಿಲೆ ಎಂಬ ಸುದ್ದಿ ಬಂದಮೇಲೂ ಯೇಸು ಎರಡು ದಿನ ತಡಮಾಡಿದ. ಅಂದರೆ ಪ್ರತಿ ಫೋನಿಗೂ ಓಡಬೇಕು ಅಂತಲ್ಲ. ತಂದೆಯ ಸಮಯ ಅಂತ ಒಂದಿದೆ. ಆದರೆ ಆತನು ಬಂದ. ಶಿಷ್ಯರು ತಡೆದರು: ಯೂದಾಯದವರು ಈಚೆಗೆ ತಾನೇ ನಿನ್ನನ್ನು ಕಲ್ಲೆಸೆದು ಕೊಲ್ಲೋಕೆ ನೋಡಿದರು, ಮತ್ತೆ ಅಲ್ಲಿಗಾ? ಬೇಥಾನ್ಯ ಯೆರೂಸಲೇಮಿಗೆ ಸುಮಾರು ಮೂರೇ ಕಿಲೋಮೀಟರ್. ಆದರೂ ಬಂದ. ತಡವಾಗಿ ಬಂದೆ ಎಂದು ಮಾರ್ಥಳು ಹೇಳಿದಾಗ ಗದರಿಸಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಲಾಜರನನ್ನು ಎಬ್ಬಿಸುತ್ತೇನೆ ಎಂದು ಗೊತ್ತಿದ್ದೂ ಅತ್ತ. ನಾವಾಗಿದ್ದರೆ "ಅಳಬೇಡಿ, ವಿಶ್ವಾಸ ಇಡಿ" ಅಂತ ಮೆಸೇಜ್ ಹಾಕಿ ಮುಗಿಸ್ತಿದ್ದೆವು!

ಅಧ್ಯಾಯದ ಕೊನೇ ಭಾಗವನ್ನು ನಾವು ಬೇಗ ದಾಟಿಬಿಡ್ತೀವಿ. ಇದಾದ ಮೇಲೇ ಹಿರೀಸಭೆಯವರು ಆತನನ್ನು ಕೊಲ್ಲಲು ಆಲೋಚಿಸಿದ್ದು. ಆ ಸಾವಿನ ಮನೆಗೆ ಹೋದ ದಾರಿಯೇ ಶಿಲುಬೆಯ ದಾರಿಯೂ ಆಯಿತು. ನಾನು ಅವೆರಡನ್ನೂ ಬೇರೆ ಬೇರೆ ದಾರಿ ಅಂದುಕೊಂಡಿದ್ದೆ.

ಹಾಗಾದರೆ ಲೂಕ 9 ಸುಳ್ಳಾ? ಇಲ್ಲ. ಕರ್ತನು ಬಿಡು ಅಂದರೆ ಬಿಡಲೇಬೇಕು, ಮನೆಯವರು ಅತ್ತರೂ. ಆದರೆ ಕರೆದದ್ದು ಕರ್ತನಾ, ಪೋಸ್ಟರಾ, ಮೊಣಕಾಲೂರಿ ಕೇಳಿ. ಎಲೀಷನು ಎಲೀಯನ ಹಿಂದೆ ಹೊರಡುವ ದಿನ ತನ್ನ ಎತ್ತುಗಳನ್ನೇ ಕೊಯ್ದು, ನೊಗದ ಕಟ್ಟಿಗೆಯಲ್ಲಿ ಬೇಯಿಸಿ ಜನರಿಗೆಲ್ಲಾ ಊಟ ಹಾಕಿ ಹೋದ. ಅವನ ಸೇವೆ ಶುರುವಾದದ್ದು ಊಟದ ಪಂಕ್ತಿಯಿಂದ.

ನಮ್ಮಲ್ಲಿ ಅನೇಕರ ಮನೆಯವರು ಇನ್ನೂ ವಿಶ್ವಾಸಿಗಳಲ್ಲ. ಪೂಜೆಯಲ್ಲಿ ಕೂರೋಕೆ ಆಗದಿದ್ದರೆ ಬೇಡ. ಪಾತ್ರೆ ಹೊರೋಕೆ, ಶಾಮಿಯಾನ ಕಟ್ಟೋಕೆ, ಅತ್ತೆಯ ಪಕ್ಕ ಸುಮ್ಮನೆ ಕೂರೋಕೆ ಯಾವ ವಾಕ್ಯ ಅಡ್ಡ ಬರುತ್ತೆ?

ಮುಂದಿನ ಶನಿವಾರ ಟೀಮ್ ಹೊಸಕೋಟೆಗೆ ಹೊರಡುತ್ತೆ. ಅವತ್ತು ನನ್ನ ತಂಗಿಯ ಸೀಮಂತ. ನಾನು ಟೀಮ್ ಜೊತೆ ಇರೋದಿಲ್ಲ, ಅಮ್ಮನ ಜೊತೆ ಅಡುಗೆಮನೆಯಲ್ಲಿ ಇರ್ತೀನಿ. ಪ್ರಾರ್ಥಿಸಿ.

ಈಗ ಎಲ್ಲರೂ ಎದ್ದು ನಿಲ್ಲೋಣ. ಮನೆಗೆ ಫೋನ್ ಮಾಡಬೇಕು ಅಂತ ಆತ್ಮನು ಯಾರಿಗಾದರೂ ನೆನಪಿಸುತ್ತಿದ್ದರೆ, ಹಾಡು ಮುಗಿಯೋವರೆಗೆ ಕಾಯಬೇಡಿ. ಹೊರಗೆ ಹೋಗಿ ಮಾಡಿ ಬನ್ನಿ. ಬಾಗಿಲು ತೆರೆದೇ ಇದೆ.