ಫೋನ್ ಇಟ್ಟುಬಿಟ್ಟರೆ ಪಾಪವೇ?

ಸುಳ್ಳು ಹೇಳಬಾರದು, ಅಧಿಕಾರಿಗಳ ಮಾತು ಮೀರಬಾರದು ಎಂದು ಕಲಿತು ಬೆಳೆದವರು ನಮ್ಮ ಹಿರಿಯರು. ಆ ಒಳ್ಳೆಯತನವನ್ನೇ ಫೋನ್ ವಂಚಕರು ಬಂಡವಾಳ ಮಾಡಿಕೊಂಡಿದ್ದಾರೆ. 'ನಾವು ಸಿಬಿಐನವರು, ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಯಾರಿಗೂ ಹೇಳಬೇಡಿ' ಎಂದು ವಿಡಿಯೋ ಕರೆಯ ಮುಂದೆ ಗಂಟೆಗಟ್ಟಲೆ ಕೂರಿಸುತ್ತಾರೆ. ಅಂಥ ಬಂಧನ ನಮ್ಮ ದೇಶದ ಯಾವ ಕಾನೂನಿನಲ್ಲೂ ಇಲ್ಲ.

ಕೇಳಿದ್ದಕ್ಕೆ ಉತ್ತರ ಕೊಡದೆ ಫೋನ್ ಇಟ್ಟರೆ ತಪ್ಪಲ್ಲವೇ ಎಂದು ಅಳುಕುವವರಿದ್ದಾರೆ. ತಪ್ಪಲ್ಲ. ಸತ್ಯವನ್ನು ತಿಳಿಯುವ ಹಕ್ಕಿಲ್ಲದವನಿಗೆ ಅದನ್ನು ತಿಳಿಸಲೇಬೇಕೆಂಬ ಕಟ್ಟುಪಾಡು ಯಾರಿಗೂ ಇಲ್ಲವೆಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥವೇ (2489) ಹೇಳುತ್ತದೆ. ಒಟಿಪಿ ಕೇಳುವವನಿಗೆ ಆ ಹಕ್ಕು ಎಲ್ಲಿಯದು? ನಿಜವಾದ ಬ್ಯಾಂಕಿನವರೂ ಅದನ್ನು ಫೋನಿನಲ್ಲಿ ಕೇಳುವುದಿಲ್ಲ.

ಆದರೆ 'ಯಾರಿಗೂ ಹೇಳಬೇಡಿ' ಎಂಬ ಮಾತು ಅಷ್ಟು ಸುಲಭವಾಗಿ ನಾಟುವುದೇಕೆ? ಮಕ್ಕಳು ಬೈಯುತ್ತಾರೆಂಬ ಭಯ ಮನೆಯಲ್ಲಿ ಮೊದಲೇ ಇರುತ್ತದೆ. 'ನಿಮಗೇನೂ ಗೊತ್ತಾಗುವುದಿಲ್ಲ, ಸುಮ್ಮನಿರಿ' ಎಂದು ದಿನವೂ ಗದರುವ ಮಗ ವಂಚಕನ ಅರ್ಧ ಕೆಲಸ ಮಾಡಿಕೊಟ್ಟಿರುತ್ತಾನೆ. (ಮೊಬೈಲ್ ಕಸಿದುಕೊಂಡರೆ ತಂದೆತಾಯಿಯನ್ನು ಗೌರವಿಸಿದಂತಾಗುವುದೂ ಇಲ್ಲ.) ಹಣ ಹೋಗಿದ್ದರೆ ಬೈಯುತ್ತಾ ಕೂರಬೇಡಿ; ಅಪ್ಪನ ಪಕ್ಕದಲ್ಲಿ ಕುಳಿತು ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಆ ಹಣವನ್ನು ಬ್ಯಾಂಕಿನಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.