ಮಕ್ಕಳಿಗೆ ಸುಳ್ಳು ಹೇಳಬಹುದೇ?

ಮನೆಯಲ್ಲಿ ಸಾವಾದರೆ ಚಿಕ್ಕ ಮಕ್ಕಳನ್ನು ನೆರೆಮನೆಗೆ ಕಳುಹಿಸಿಬಿಡುತ್ತೇವೆ. ಜನಾಝ ಹೊರಟ ಮೇಲೆ ಅವು ಮರಳಿ ಬಂದು 'ದಾದಾ ಎಲ್ಲಿ?' ಎಂದು ಕೇಳುತ್ತವೆ. 'ಅಲ್ಲಾಹನ ಮನೆಗೆ ಹೋಗಿದ್ದಾರೆ' ಎನ್ನುತ್ತೇವೆ. ನನ್ನ ತಮ್ಮನ ಮಗಳಿಗೆ ನಾನೂ ಹಾಗೆಯೇ ಹೇಳಿದ್ದೆ. ಅವಳಿಗಾಗ ನಾಲ್ಕು ವರ್ಷ. ಅಲ್ಲಾಹನ ಮನೆಯೆಂದರೆ ಮಸೀದಿ ಎಂದು ಅವಳಿಗೆ ಕಲಿಸಿದವರೂ ನಾವೇ. ಮುಂದಿನ ಶುಕ್ರವಾರ ಜುಮಾ ಮುಗಿಯುವ ಹೊತ್ತಿಗೆ ಅವಳು ಬಾಗಿಲಲ್ಲಿ ನಿಂತು ಬೀದಿ ನೋಡುತ್ತಿದ್ದಳು.

ನಾನು ಹೇಳಿದ್ದು ಸುಳ್ಳೇನಲ್ಲ. ಆದರೆ ಅವಳು ಕೇಳಿದ್ದಕ್ಕೆ ಅದು ಉತ್ತರವೂ ಆಗಿರಲಿಲ್ಲ.

ಇದೇ ಪ್ರಶ್ನೆ ಒಮ್ಮೆ ಅಮೆರಿಕದ ಒಂದು ಟಿ.ವಿ. ಕಾರ್ಯಕ್ರಮದ ಮುಂದೆಯೂ ಬಂದಿತ್ತು. 1969ರ ನವೆಂಬರ್ 10ರಂದು ಆರಂಭವಾದ 'ಸೆಸಮಿ ಸ್ಟ್ರೀಟ್' ಎಂಬ ಆ ಕಾರ್ಯಕ್ರಮ, ಬಡ ಮನೆಗಳ ಮಕ್ಕಳಿಗೆ ಶಾಲೆ ಸೇರುವ ಮುನ್ನವೇ ಅಕ್ಷರ, ಅಂಕಿ ಕಲಿಸಲು ಹುಟ್ಟಿದ್ದು. (ಅಲೀಬಾಬಾನ ಗುಹೆಯ ಬಾಗಿಲು ತೆರೆಸಿದ ಸಿಮ್ ಸಿಮ್‌ನಿಂದಲೇ ಆ ಹೆಸರು. 2006ರಲ್ಲಿ ಅದು 'ಗಲಿ ಗಲಿ ಸಿಮ್ ಸಿಮ್' ಆಗಿ ನಮ್ಮಲ್ಲಿಗೂ ಬಂತು.) ಅದರಲ್ಲಿ ಬೀದಿಯ ಅಂಗಡಿಯ ಯಜಮಾನ ಮಿಸ್ಟರ್ ಹೂಪರ್ ಪಾತ್ರ ಮಾಡುತ್ತಿದ್ದ ವಿಲ್ ಲೀ 1982ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಆ ಪಾತ್ರಕ್ಕೆ ಬೇರೆ ನಟನನ್ನು ತರಬಹುದಿತ್ತು. ಹೂಪರ್ ಬೇರೆ ಊರಿಗೆ ಹೋದರು ಎಂದರೂ ಮಕ್ಕಳು ನಂಬುತ್ತಿದ್ದರು. ಕಾರ್ಯಕ್ರಮದವರು ಸತ್ತಿದ್ದಾರೆ ಎಂದೇ ಹೇಳಲು ನಿರ್ಧರಿಸಿದರು. ತಾಯಿ ತಂದೆ ಮನೆಯಲ್ಲೇ ಇರುವ ರಜಾದಿನ ನೋಡಿ, 1983ರ ನವೆಂಬರ್ 24ರಂದು ಆ ಕಂತನ್ನು ಪ್ರಸಾರ ಮಾಡಿದರು.

ಅದರಲ್ಲಿ ಬಿಗ್ ಬರ್ಡ್ ಎಂಬ ದೊಡ್ಡ ಹಳದಿ ಹಕ್ಕಿ, ಮನಸ್ಸಿನಲ್ಲಿ ಆರು ವರ್ಷದ ಮಗು, ಎಲ್ಲರ ಚಿತ್ರ ಬರೆದು ಹಂಚುತ್ತದೆ. ಹೂಪರ್ ಚಿತ್ರ ಮಾತ್ರ ಕೈಯಲ್ಲೇ ಉಳಿಯುತ್ತದೆ. ಅವರು ಬಂದಾಗ ಕೊಡುತ್ತೇನೆ ಎನ್ನುತ್ತದೆ. ಸತ್ತವರು ಬರುವುದಿಲ್ಲ ಎಂದು ಹಿರಿಯರು ಹೇಳುತ್ತಾರೆ. ಯಾಕೆ ಹೀಗೆ ಎಂಬುದಕ್ಕೆ ಅವರ ಬಳಿಯೂ ಕಾರಣವಿಲ್ಲ. ಕಾಯಿಲೆ, ಆಸ್ಪತ್ರೆಯ ಮಾತು ಎತ್ತಲಿಲ್ಲ. ಮುಂದೆ ಜ್ವರ ಬಂದಾಗ ಮಗು ಹೆದರಬಾರದಲ್ಲ. ಸ್ವರ್ಗದ ಮಾತೂ ಇಲ್ಲ. ಇದು ನನಗೆ ಮೊದಲು ಕೊರತೆಯೆನಿಸಿತ್ತು. ಆದರೆ ನೋಡುವ ಮಕ್ಕಳು ಎಲ್ಲ ಧರ್ಮದವರು, ಆ ಮಾತು ಅವರವರ ಮನೆಯವರು ಹೇಳಬೇಕಾದದ್ದು. ನಾವಾದರೋ ಆಖಿರತ್‌ನ ಮಾತನ್ನು ಸಾವಿನ ಮಾತಿನಿಂದ ತಪ್ಪಿಸಿಕೊಳ್ಳಲು ಬಳಸುತ್ತೇವೆ.

ಹದೀಸ್‌ನಲ್ಲಿ ಒಂದು ಪ್ರಸಂಗವಿದೆ. ತಾಯಿಯೊಬ್ಬಳು ಏನೋ ಕೊಡುತ್ತೇನೆಂದು ಮಗನನ್ನು ಕರೆಯುತ್ತಾಳೆ. ಏನು ಕೊಡುವೆ ಎಂದು ಪ್ರವಾದಿ(ಸ) ಕೇಳುತ್ತಾರೆ. ಖರ್ಜೂರ ಎನ್ನುತ್ತಾಳೆ. ಏನೂ ಕೊಡದೇ ಇದ್ದಿದ್ದರೆ ನಿನ್ನ ಲೆಕ್ಕದಲ್ಲಿ ಒಂದು ಸುಳ್ಳು ಬರೆಯಲ್ಪಡುತ್ತಿತ್ತು ಎಂದು ಅವರು ಎಚ್ಚರಿಸುತ್ತಾರೆ. ಮಗುವಿಗೆ ಹೇಳಿದ್ದು ಲೆಕ್ಕಕ್ಕಿಲ್ಲ ಎಂದುಕೊಂಡವರು ನಾವು ಮಾತ್ರ.

ಆ ಕಾರ್ಯಕ್ರಮದ ಪ್ರಭಾವವನ್ನು ಅಳೆದವರೂ ಇದ್ದಾರೆ. ಆರಂಭದ ವರ್ಷಗಳಲ್ಲಿ ಪ್ರಸಾರ ಎಲ್ಲ ಊರುಗಳಿಗೂ ಸರಿಯಾಗಿ ತಲುಪುತ್ತಿರಲಿಲ್ಲ. ಚೆನ್ನಾಗಿ ತಲುಪುತ್ತಿದ್ದ ಕಡೆಯ ಮಕ್ಕಳು ತರಗತಿಯಲ್ಲಿ ಹಿಂದೆ ಬೀಳುವುದು ಕಡಿಮೆ ಎಂದು ಮೆಲಿಸ್ಸಾ ಕಿಯರ್ನಿ, ಫಿಲಿಪ್ ಲೆವಿನ್ ಎಂಬ ಅರ್ಥಶಾಸ್ತ್ರಜ್ಞರು 2015ರಲ್ಲಿ ತೋರಿಸಿದರು. ದೊಡ್ಡವರಾದ ಮೇಲಿನ ಪದವಿ, ಸಂಪಾದನೆಯ ಬಗ್ಗೆ ಮಾತ್ರ ಖಚಿತವಾಗಿ ಏನೂ ಹೊರಬೀಳಲಿಲ್ಲ. ಹಿರಿಯರು ತನಗೆ ನಿಜ ಹೇಳಿದರು ಎಂಬ ನೆನಪು ಮಗುವಿನಲ್ಲಿ ಏನು ಮಾಡುತ್ತದೆ ಎಂಬುದು ಆ ಲೆಕ್ಕದಲ್ಲಿ ಹೇಗೂ ಸಿಗುವಂಥದ್ದಲ್ಲ. ಹೂಪರ್ ಚಿತ್ರವನ್ನು ಬಿಗ್ ಬರ್ಡ್ ತನ್ನ ಗೂಡಿನ ಬಳಿ ತೂಗುಹಾಕಿತು. ಅಂಗಡಿ ಕೈ ಬದಲಾಯಿತು, ಹೆಸರು ಹೂಪರ್ ಅಂಗಡಿಯೆಂದೇ ಉಳಿಯಿತು.

ತಮ್ಮನ ಮಗಳಿಗೆ ನಿಜ ಹೇಳಲು ನಾನು ಇನ್ನೂ ಎರಡು ವಾರ ತೆಗೆದುಕೊಂಡೆ. 'ಬರೋದೇ ಇಲ್ವಾ, ಬಡೇ ಅಬ್ಬಾ?' ಎಂದಳು. ಇಲ್ಲ ಬೇಟಾ ಎಂದೆ. ಬಹಳ ಹೊತ್ತು ಅತ್ತಳು. ಆಮೇಲೆ, ಬಾಗಿಲ ಬಳಿ ತಾನೇ ಜೋಡಿಸಿಟ್ಟಿದ್ದ ದಾದಾನ ಚಪ್ಪಲಿಯನ್ನು ಎತ್ತಿ ಒಳಗಿಟ್ಟಳು.